ಮಧುಮೇಹ: ಊಟದ ಎಲೆ, ಉಪವಾಸ ಮತ್ತು ನಡಿಗೆ

(ಶ್ರೀರಾಯರ ಆರಾಧನಾ ಮಹೋತ್ಸವದ ಅಂಗವಾಗಿ ಮುಂಬಯಿಯ ಶಾಖಾಮಠದಲ್ಲಿ ಉತ್ತರಾರಾಧನೆಯ ಸಾಯಂಕಾಲ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಲಿಖಿತ ರೂಪ)



ಮೂರು ದಿನಗಳಿಂದ ಈ ಸಭಾಗೃಹದಲ್ಲಿ ಪಂಕ್ತಿಯ ಮೇಲೆ ಪಂಕ್ತಿ ಊಟ ನಡೆದಿದೆ. ನಿನ್ನೆ ಹಯಗ್ರೀವ, ಇಂದು ಹೋಳಿಗೆ. ಇಂಥ ದಿನ, ಅದೂ ಊಟವಾದ ಮೇಲೆ, ಮಧುಮೇಹವನ್ನು ಕುರಿತು ಮಾತನಾಡಲು ನನ್ನನ್ನು ಕರೆದವರ ಧೈರ್ಯವನ್ನು ಮೆಚ್ಚಲೇಬೇಕು. ಆದರೆ ಸಮಯ ಉಚಿತವಾಗಿದೆ. ಚಾತುರ್ಮಾಸ್ಯ ನಡೆಯುತ್ತಿದೆ, ಇನ್ನು ಐದು ದಿನಗಳಲ್ಲಿ ಗೋಕುಲಾಷ್ಟಮಿ, ಅದರ ಬೆನ್ನಿಗೇ ಏಕಾದಶಿ. ವ್ರತ, ಹಬ್ಬ, ಉಪವಾಸ, ಪಾರಣೆ ಇವುಗಳ ನಡುವೆ ಬದುಕುವ ನಮ್ಮ ಮನೆಗಳಿಗೆ ಆಸ್ಪತ್ರೆಯವರು ಕೊಡುವ ಅಚ್ಚು ಹಾಕಿದ ಪಥ್ಯದ ಚೀಟಿ ಸಾಲುವುದಿಲ್ಲ. ಆ ಚೀಟಿಯಲ್ಲಿ ದ್ವಾದಶಿ ಎಂಬ ದಿನವೇ ಇರುವುದಿಲ್ಲ. ಆದುದರಿಂದ ನಮ್ಮ ಎಲೆಯನ್ನೂ ನಮ್ಮ ಪಂಚಾಂಗವನ್ನೂ ಮುಂದಿಟ್ಟುಕೊಂಡೇ ನಾನು ಮಾತನಾಡುತ್ತೇನೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದ ಬೃಹತ್ ಸಮೀಕ್ಷೆಯ ಫಲಿತಾಂಶವು 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿ 60 ಲಕ್ಷ ಜನರು ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಹಳ್ಳಿಗಿಂತ ನಗರದಲ್ಲಿ ಈ ರೋಗದ ಪ್ರಮಾಣವು ಹೆಚ್ಚು. ಊರು ಬಿಟ್ಟು ಎರಡು ಮೂರು ತಲೆಮಾರುಗಳಿಂದ ಇಲ್ಲಿ ನೆಲೆಸಿರುವ ನಾವು ತಂದೆ ತಾಯಿಯರ ಊಟದ ಪದ್ಧತಿಯನ್ನು ಉಳಿಸಿಕೊಂಡೆವು. ಅವರ ನಡಿಗೆಯನ್ನು ಮಾತ್ರ ಊರಿನಲ್ಲಿಯೇ ಬಿಟ್ಟು ಬಂದೆವು. ಹೊಳೆಗೆ ಹೋಗಿ ಸ್ನಾನ ಮಾಡಿ, ಬಾವಿಯಿಂದ ಮಡಿನೀರು ಸೇದಿ, ಒರಳಲ್ಲಿ ರುಬ್ಬಿ ಉಂಡವರ ಅನ್ನವು ಬೇರೆ. ಲಿಫ್ಟಿನಲ್ಲಿ ಇಳಿದು, ರಿಕ್ಷಾದಲ್ಲಿ ಸ್ಟೇಷನ್ ಸೇರಿ, ದಿನವಿಡೀ ಕುರ್ಚಿಯಲ್ಲಿ ಕುಳಿತವರ ಅನ್ನವು ಬೇರೆ.

ರೋಗದ ಸ್ವರೂಪವನ್ನು ಬಹಳ ಸಂಕ್ಷೇಪವಾಗಿ ಹೇಳುತ್ತೇನೆ. ನಾವು ಉಂಡ ಅನ್ನವು ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಅದನ್ನು ಸ್ನಾಯುಗಳ ಒಳಗೆ ಕಳುಹಿಸುವುದಕ್ಕೆ ಮೇದೋಜೀರಕ ಗ್ರಂಥಿಯಲ್ಲಿ ಉತ್ಪನ್ನವಾಗುವ ಇನ್ಸುಲಿನ್ ಬೇಕು. ಆ ಇನ್ಸುಲಿನ್ ಕಡಿಮೆಯಾದರೆ, ಅಥವಾ ಇದ್ದರೂ ಶರೀರವು ಅದರ ಮಾತನ್ನು ಕೇಳದಿದ್ದರೆ, ಸಕ್ಕರೆಯು ರಕ್ತದಲ್ಲಿಯೇ ಉಳಿಯುತ್ತದೆ. ಹೊಟ್ಟೆಯ ಸುತ್ತ ಸೇರುವ ಕೊಬ್ಬು ಈ ಅವಿಧೇಯತೆಯನ್ನು ಹೆಚ್ಚಿಸುತ್ತದೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವುದು ನಮ್ಮವರಲ್ಲಿ ಸಾಮಾನ್ಯ. ತೂಕ ನೋಡಿದರೆ ಹೆಚ್ಚಿಲ್ಲವೆಂದು ಅವರು ನಿಶ್ಚಿಂತರಾಗಿರುತ್ತಾರೆ.

ರಾತ್ರಿಯ ಊಟದ ನಂತರ ಎಂಟು ಗಂಟೆ ಏನನ್ನೂ ತಿನ್ನದೆ ಬೆಳಿಗ್ಗೆ ಪರೀಕ್ಷಿಸಿದಾಗ ಸಕ್ಕರೆಯು 100ಕ್ಕಿಂತ ಕಡಿಮೆಯಿದ್ದರೆ ಆರೋಗ್ಯ. 126 ಅಥವಾ ಹೆಚ್ಚಾದರೆ ಮಧುಮೇಹ. ನಡುವೆ ಇದ್ದರೆ ಎಚ್ಚರಿಕೆಯ ಗಂಟೆ. ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿ-ಎ-ಒನ್-ಸಿ ಎಂಬ ಪರೀಕ್ಷೆಯಲ್ಲಿ 6.5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಧುಮೇಹವೆಂದು ಅರ್ಥ. ರೋಗವಿರುವ ಬಹುಪಾಲು ಜನರಿಗೆ ಇದನ್ನು 7ರ ಒಳಗೆ ಇಡುವುದು ಗುರಿ; ತೀರ ವೃದ್ಧರಿಗೆ ಸ್ವಲ್ಪ ಸಡಿಲಿಕೆ ಉಂಟು. ಪರೀಕ್ಷೆಯ ಹಿಂದಿನ ಎರಡು ದಿನ ಮಾತ್ರ ಪಥ್ಯ ಮಾಡಿ ಬರುವವರನ್ನು ಈ ಪರೀಕ್ಷೆಯು ಸುಲಭವಾಗಿ ಪತ್ತೆ ಹಚ್ಚುತ್ತದೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ!

ಇನ್ನು ಎಲೆಯ ವಿಷಯ. 'ಡಾಕ್ಟರೇ, ನಾನು ಸಿಹಿ ಮುಟ್ಟುವುದೇ ಇಲ್ಲ, ಆದರೂ ಸಕ್ಕರೆ ಏಕೆ ಇಳಿಯದು?' ಎಂದು ನನ್ನನ್ನು ಕೇಳದ ವಾರವಿಲ್ಲ. ಊಟವೇನೆಂದು ವಿಚಾರಿಸಿದರೆ, ತೊವ್ವೆಗೆ ಒಮ್ಮೆ, ಸಾರಿಗೆ ಒಮ್ಮೆ, ಹುಳಿಗೆ ಒಮ್ಮೆ, ಮಜ್ಜಿಗೆಗೆ ಒಮ್ಮೆ ಹೀಗೆ ನಾಲ್ಕು ಸಲ ಅನ್ನ. ಸುಮಾರು 150 ಗ್ರಾಂ ತೂಗುವ ಒಂದು ಬಟ್ಟಲು ಅನ್ನದಲ್ಲಿ 40 ಗ್ರಾಮಿಗೂ ಮಿಕ್ಕು ಪಿಷ್ಟವಿದೆ. ಪಿಷ್ಟವೆಂದರೆ ಕಟ್ಟು ಬಿಚ್ಚದ ಸಕ್ಕರೆ. ಲೆಕ್ಕ ಹಾಕಿದರೆ ಎಂಟು ಚಹಾ ಚಮಚೆ ಸಕ್ಕರೆಗೆ ಅದು ಸಮ. ನಾಲ್ಕು ಸಲ ಬಡಿಸಿಕೊಂಡವರು ಪಾಯಸವನ್ನು ಬೇಡವೆಂದು ಕೈ ಅಡ್ಡ ಹಿಡಿದ ಮಾತ್ರಕ್ಕೆ ಏನಾಯಿತು?

ಅನ್ನವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಬಿಡಿ ಎಂದರೆ ನಮ್ಮವರು ಎಂಟು ದಿನ ಬಿಟ್ಟು ಒಂಬತ್ತನೆಯ ದಿನ ಎರಡರಷ್ಟು ಉಣ್ಣುತ್ತಾರೆ. ಪ್ರಮಾಣವನ್ನು ಇಳಿಸಬೇಕು, ಕ್ರಮವನ್ನು ಬದಲಿಸಬೇಕು. ನಮ್ಮ ಎಲೆಯಲ್ಲಿ ಮೊದಲು ಬಡಿಸುವುದು ಕೋಸಂಬರಿ, ಪಲ್ಯಗಳನ್ನೇ ಅಲ್ಲವೇ? ಆದರೆ ನಾವು ಅವುಗಳನ್ನು ಅನ್ನಕ್ಕೆ ನಂಜಿಕೊಳ್ಳಲು ಇಟ್ಟುಕೊಳ್ಳುತ್ತೇವೆ. ತರಕಾರಿ ಮತ್ತು ಬೇಳೆಯನ್ನು ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದರೆ ಊಟದ ನಂತರ ಸಕ್ಕರೆಯ ಏರಿಕೆಯು ಗಣನೀಯವಾಗಿ ತಗ್ಗುತ್ತದೆಂದು ಇತ್ತೀಚಿನ ಹಲವು ಅಧ್ಯಯನಗಳು ತೋರಿಸಿವೆ. ಆದ್ದರಿಂದ ಪರಿಷೇಚನೆಯಾಗಿ, ಪ್ರಾಣಾಹುತಿಯ ಐದು ಸಣ್ಣ ತುತ್ತುಗಳು ಮುಗಿದ ಮೇಲೆ, ಕೋಸಂಬರಿಯನ್ನೂ ಪಲ್ಯವನ್ನೂ ಪೂರ್ತಿ ತಿಂದು ಮುಗಿಸಿ. ಬಳಿಕ ಗಟ್ಟಿ ತೊವ್ವೆ. ಆ ಮೇಲೆ ಹುಳಿಯ ಹೋಳುಗಳೊಡನೆ ಅನ್ನ. ಹೀಗೆ ಮಾಡಿದವರು ಎರಡನೆಯ ಸಲಕ್ಕೆ ಅನ್ನವನ್ನು ತಾವಾಗಿಯೇ ಬೇಡವೆನ್ನುವುದನ್ನು ನಾನು ಕಂಡಿದ್ದೇನೆ. ಆಚಾರಕ್ಕೆ ಇದರಿಂದ ಯಾವ ಲೋಪವೂ ಇಲ್ಲ. ಬಡಿಸುವ ತಾಯಂದಿರಲ್ಲಿ ಮಾತ್ರ ಒಂದು ವಿನಂತಿ: ಮಧುಮೇಹವಿರುವವರು ಸಾಕು ಎಂದಾಗ ಅದನ್ನು ಸಂಕೋಚವೆಂದು ಭಾವಿಸಿ ಮತ್ತೊಂದು ಸಟ್ಟುಗ ಹಾಕಬೇಡಿ.

ಬೆಲ್ಲ, ಜೇನುತುಪ್ಪಗಳು ಸಕ್ಕರೆಯಷ್ಟು ಕೆಟ್ಟವಲ್ಲವೆಂಬ ನಂಬಿಕೆ ವ್ಯಾಪಕವಾಗಿದೆ. ರಕ್ತಕ್ಕೆ ಆ ಭೇದವು ತಿಳಿಯದು. ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯೇ. ರಾಗಿಯ ವಿಷಯದಲ್ಲಿಯೂ ಹಾಗೆಯೇ. ರಾಗಿಯಲ್ಲಿ ನಾರು, ಸುಣ್ಣದ ಅಂಶಗಳು ಹೆಚ್ಚು ನಿಜ, ಆದರೆ ಅದೂ ಧಾನ್ಯವೇ. ನುಣ್ಣಗೆ ಬೀಸಿದ ಹಿಟ್ಟನ್ನು ಗಂಜಿ ಕಾಸಿ ಎರಡು ಲೋಟ ಕುಡಿದರೆ ಸಕ್ಕರೆಯು ಬೇಗನೇ ಏರುತ್ತದೆ. ಜೋಳದ ರೊಟ್ಟಿ, ನವಣೆಗಳಿಗೂ ಅಳತೆಯುಂಟು. ಕಾಫಿಯ ಲೆಕ್ಕವನ್ನು ಯಾರೂ ಇಡುವುದಿಲ್ಲ: ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚೆ ಎಂದರೆ ಎಂಟು ಚಮಚೆಗಳಾದವು. ಸಾಯಂಕಾಲದ ಫರಸಾಣ, ವಡಾಪಾವ್‌ಗಳ ವಿಷಯವು ತಮಗೆ ತಿಳಿದದ್ದೇ. ಪ್ರಸಾದವೆಂದು ಬಂದದ್ದನ್ನು ನಿರಾಕರಿಸಲಾಗದೆಂಬುದು ನಿಜ. ಆದರೆ ಪ್ರಸಾದದ ಮಹಿಮೆಯು ಅದರ ತೂಕದಲ್ಲಿಲ್ಲ. ಒಂದು ಬೆರಳಿನಷ್ಟು ಹಯಗ್ರೀವವೂ ಪ್ರಸಾದವೇ.

ಚಾತುರ್ಮಾಸ್ಯದ ವ್ರತಗಳು ಈ ಲೆಕ್ಕವನ್ನು ತಿಂಗಳಿಗೊಮ್ಮೆ ಬದಲಿಸುತ್ತವೆ. ಶಾಕವ್ರತದಲ್ಲಿ ತರಕಾರಿ, ಸೊಪ್ಪು, ಹಣ್ಣುಗಳಿಲ್ಲ. ನಾರಿನಂಶವು ಏಕಾಏಕಿ ಕುಸಿಯುತ್ತದೆ, ಎಲೆಯಲ್ಲಿ ತೆರವಾದ ಜಾಗವನ್ನು ಅನ್ನವು ಆಕ್ರಮಿಸುತ್ತದೆ. ಆ ತಿಂಗಳು ಹೆಸರುಬೇಳೆಯೇ ಆಸರೆ: ನೆನೆಸಿದ ಬೇಳೆಯ ಕೋಸಂಬರಿ, ಗಟ್ಟಿ ತೊವ್ವೆ, ಹಿಟ್ಟಿಗಿಂತ ಬೇಳೆ ಹೆಚ್ಚಿರುವ ದೋಸೆ. ಈಗ ನಡೆಯುತ್ತಿರುವ ದಧಿವ್ರತ, ಮುಂದಿನ ಕ್ಷೀರವ್ರತಗಳಿಂದ ಮಧುಮೇಹಿಗಳಿಗೆ ಹೆಚ್ಚಿನ ತೊಂದರೆಯಿಲ್ಲ. ಕೊನೆಯ ದ್ವಿದಳವ್ರತದಲ್ಲಿ ಬೇಳೆಕಾಳುಗಳೇ ಇಲ್ಲವಾದ್ದರಿಂದ ಸಸ್ಯಾಹಾರಿಗಳಾದ ನಮಗೆ ಸಾರಜನಕದ ಮುಖ್ಯ ಆಕರವೇ ತಪ್ಪುತ್ತದೆ. ಆಗ ಹಾಲು ಮೊಸರುಗಳು ಒದಗುತ್ತವೆ, ವ್ರತಕ್ಕೆ ಸಲ್ಲುವ ಸೊಪ್ಪುಗಳೂ ಇವೆ. ವ್ರತವು ಬದಲಾದಾಗ ಒಂದು ವಾರ ಊಟದ ನಂತರದ ಸಕ್ಕರೆಯನ್ನು ಮನೆಯಲ್ಲಿಯೇ ಪರೀಕ್ಷಿಸಿ ಬರೆದಿಟ್ಟರೆ, ಯಾವ ತಿಂಗಳು ತಮ್ಮ ಶರೀರಕ್ಕೆ ಕಠಿನವೆಂಬುದು ಒಂದೇ ವರ್ಷದಲ್ಲಿ ತಿಳಿಯುತ್ತದೆ.

ಈಗ ನಾನು ಹೆಚ್ಚು ಹೊತ್ತು ನಿಲ್ಲಬೇಕಾದ ವಿಷಯಕ್ಕೆ ಬರುತ್ತೇನೆ: ಏಕಾದಶಿ.

ದಶಮಿಯ ಮಧ್ಯಾಹ್ನ ಒಂದೇ ಊಟ, ಏಕಾದಶಿಯಂದು ನಿರ್ಜಲ, ದ್ವಾದಶಿಯ ಬೆಳಿಗ್ಗೆ ಪಾರಣೆ. ಈ ಕ್ರಮವನ್ನು ನಿಷ್ಠೆಯಿಂದ ಪಾಲಿಸುವವರಿಗೆ ಊಟದಿಂದ ಊಟಕ್ಕೆ ಹೆಚ್ಚುಕಡಿಮೆ 42 ಗಂಟೆಗಳ ಅಂತರವಾಗುತ್ತದೆ. ಆರೋಗ್ಯವಂತರ ಶರೀರವು ಇದನ್ನು ತಡೆದುಕೊಳ್ಳುತ್ತದೆ. ಯಕೃತ್ತು ತನ್ನ ಸಂಗ್ರಹದಿಂದ ಸಕ್ಕರೆಯನ್ನು ಒದಗಿಸುತ್ತ ಹೋಗುತ್ತದೆ. ಆದರೆ ಹೊಟ್ಟೆಗೆ ಆಹಾರವಿಲ್ಲದಿದ್ದರೂ ತನ್ನ ಕೆಲಸವನ್ನು ನಿಲ್ಲಿಸದ ಔಷಧವೊಂದು ರಕ್ತದಲ್ಲಿದ್ದರೆ?

ಕೆಲವು ವರ್ಷಗಳ ಹಿಂದೆ ನನ್ನಲ್ಲಿಗೆ ಬರುತ್ತಿದ್ದ ಹಿರಿಯರೊಬ್ಬರಿದ್ದರು. ವಯಸ್ಸು ಎಪ್ಪತ್ತು ದಾಟಿತ್ತು. ಮೂತ್ರಪಿಂಡಗಳು ಸ್ವಲ್ಪ ದುರ್ಬಲವಾಗಿದ್ದವು. ಗ್ಲಿಮೆಪಿರೈಡ್ ಎಂಬ ಮಾತ್ರೆಯನ್ನು ನಿತ್ಯ ಬೆಳಿಗ್ಗೆ ಸೇವಿಸುತ್ತಿದ್ದರು. ಉಪವಾಸದ ವಿಷಯವನ್ನು ಅವರು ಯಾವ ವೈದ್ಯರಿಗೂ ತಿಳಿಸಿರಲಿಲ್ಲ. ತಿಳಿಸಿದರೆ ಬಿಡು ಎನ್ನುತ್ತಾರೆಂಬ ಭಯ. ಏಕಾದಶಿಯ ಬೆಳಿಗ್ಗೆ ಔಷಧ ತಪ್ಪಬಾರದೆಂದು ತೀರ್ಥದೊಡನೆಯೇ ಮಾತ್ರೆಯನ್ನು ನುಂಗಿದರು. ರಾತ್ರಿ ಭಜನೆಯ ಹೊತ್ತಿಗೆ ಮೈ ಬೆವರಿತು, ಕೈ ನಡುಗಿತು, ಮಾತು ತೊದಲಿತು. ಮನೆಯವರು ಉಪವಾಸದ ಆಯಾಸವೆಂದು ಮಲಗಿಸಿದರು. ಸೊಸೆಗೆ ಅನುಮಾನ ಬಂದು ಸಕ್ಕರೆ ನೀರು ತಂದಳು. ವ್ರತ ಕೆಡುತ್ತದೆಂದು ಉಳಿದವರು ತಡೆದರು. ಬೆಳಗಿನ ಜಾವ ಪಾರಣೆಗೆ ಎಬ್ಬಿಸಲು ಹೋದಾಗ ಅವರಿಗೆ ಎಚ್ಚರವಿರಲಿಲ್ಲ. ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಗ್ಲೂಕೋಸ್ ಕೊಟ್ಟು ಎರಡು ದಿನ ಇರಿಸಿಕೊಳ್ಳಬೇಕಾಯಿತು. ಮೂತ್ರಪಿಂಡಗಳು ದುರ್ಬಲವಾಗಿರುವಾಗ ಈ ಔಷಧವು ಬೇಗ ಶರೀರವನ್ನು ಬಿಡುವುದಿಲ್ಲ. ಸಕ್ಕರೆಯು ಒಮ್ಮೆ ಏರಿಯೂ ಮತ್ತೆ ಕುಸಿಯಬಹುದು. ಎಚ್ಚರವಾದ ಮೇಲೆ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ, 'ನನ್ನ ವ್ರತ ಕೆಟ್ಟಿತೇ?' ಎಂಬುದು.

ಆ ಪ್ರಶ್ನೆಗೆ ಉತ್ತರಿಸುವ ಅಧಿಕಾರ ವೈದ್ಯನಿಗಿಲ್ಲ. ಅವರು ತಮ್ಮ ಆಚಾರ್ಯರನ್ನು ಕೇಳಿದರು. ವ್ರತಕ್ಕೆ ಭಂಗ ತಾರದ ಎಂಟು ವಸ್ತುಗಳಲ್ಲಿ ನೀರು, ಗೆಡ್ಡೆ, ಹಣ್ಣು, ಹಾಲು, ಔಷಧ, ಗುರುವಿನ ಮಾತು ಇವು ಸೇರಿವೆಯೆಂದೂ, ರೋಗಿಗಳು, ವೃದ್ಧರು, ಬಾಲಕರು ಶಕ್ತ್ಯನುಸಾರ ಆಚರಿಸಬಹುದೆಂದೂ ಅವರು ತಿಳಿಸಿದರಂತೆ. ಅಂದಿನಿಂದ ಆ ಹಿರಿಯರು ಏಕಾದಶಿಯಂದು ಹಾಲು ಹಣ್ಣು ಸ್ವೀಕರಿಸಿ, ನಾನು ಬದಲಿಸಿ ಬರೆದುಕೊಟ್ಟ ಔಷಧಕ್ರಮವನ್ನು ಅನುಸರಿಸಿದರು. ತಮ್ಮ ತಮ್ಮ ವಿಷಯದಲ್ಲಿ ಏನು ಯುಕ್ತವೆಂಬುದನ್ನು ತಾವೂ ವಿದ್ವಾಂಸರನ್ನು ಕೇಳಿ ತಿಳಿಯಬೇಕು. ಆದರೆ ಕೇಳುವಾಗ ರೋಗವನ್ನು ಮುಚ್ಚಿಡಬೇಡಿ. ವೈದ್ಯರನ್ನು ಕೇಳುವಾಗ ವ್ರತವನ್ನು ಮುಚ್ಚಿಡಬೇಡಿ.

ವೈದ್ಯನಾಗಿ ನಾನು ಹೇಳಬೇಕಾದದ್ದು ಇಷ್ಟು. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಈ ವರ್ಗದ ಮಾತ್ರೆಗಳು ಮತ್ತು ಇನ್ಸುಲಿನ್, ಇವು ಉಪವಾಸದಲ್ಲಿ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲವು. ಹಾಗೆಂದು ಇನ್ಸುಲಿನ್ನನ್ನು ತಾವಾಗಿಯೇ ಪೂರ್ತಿ ನಿಲ್ಲಿಸುವುದೂ ಅಷ್ಟೇ ಅಪಾಯ. ಬಾಲ್ಯದಿಂದಲೇ ಇನ್ಸುಲಿನ್ ಅವಲಂಬಿಸಿರುವವರಿಗಂತೂ ಅದು ಪ್ರಾಣಾಂತಿಕ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಹೊಸ ವರ್ಗದ ಮಾತ್ರೆಗಳು ಮೂತ್ರದ ಮೂಲಕ ಸಕ್ಕರೆಯನ್ನೂ ನೀರನ್ನೂ ಹೊರಹಾಕುತ್ತವೆ. ನಿರ್ಜಲ ಉಪವಾಸದೊಡನೆ ಇವು ಕೂಡಿದರೆ ಶರೀರವು ಒಣಗಿ ರಕ್ತವು ಆಮ್ಲೀಯವಾಗುವ ಸಂಭವವಿದೆ. ಕೆಲವು ದಿನ ಮೊದಲೇ ಇವನ್ನು ನಿಲ್ಲಿಸಬೇಕೇ ಎಂಬುದನ್ನು ವೈದ್ಯರು ತೀರ್ಮಾನಿಸಬೇಕು. ಮೆಟ್‌ಫಾರ್ಮಿನ್ ಒಂದರಿಂದಲೇ ಸಕ್ಕರೆಯು ಕುಸಿಯುವುದು ಅಪರೂಪ. ಮೂತ್ರಪಿಂಡ ಅಥವಾ ಹೃದಯದ ರೋಗವಿರುವವರು, ಗರ್ಭಿಣಿಯರು, ಈಚೆಗೆ ಒಮ್ಮೆ ಸಕ್ಕರೆ ಕುಸಿದು ಬಿದ್ದವರು, ಒಂಟಿಯಾಗಿರುವ ವೃದ್ಧರು ಇವರು ನಿರ್ಜಲಕ್ಕೆ ತೊಡಗಲೇಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ರಂಜಾನ್ ಉಪವಾಸದ ಬಗೆಗೆ ಮಧುಮೇಹ ತಜ್ಞರು ಬಹಳ ಕಾಲದಿಂದ ಅಧ್ಯಯನ ನಡೆಸಿ ನಿಯಮಗಳನ್ನು ರೂಪಿಸಿದ್ದಾರೆ. ಸಕ್ಕರೆಯು 70ಕ್ಕಿಂತ ಕೆಳಗಿಳಿದರೆ ಅಥವಾ 300ನ್ನು ಮೀರಿದರೆ ಉಪವಾಸವನ್ನು ಅಲ್ಲಿಗೇ ನಿಲ್ಲಿಸಬೇಕೆಂಬುದು ಅವುಗಳಲ್ಲೊಂದು. ನಮಗೂ ಅದೇ ಸಲ್ಲುತ್ತದೆ, ಶರೀರಧರ್ಮಕ್ಕೆ ಮತಭೇದವಿಲ್ಲ. ಮನೆಯಲ್ಲಿ ಗ್ಲೂಕೋಮೀಟರ್ ಇರಲಿ. ಬೆವರು, ನಡುಕ, ಎದೆಬಡಿತ, ವಿನಾಕಾರಣ ಸಿಡುಕು, ತೊದಲು ಇವು ಕಂಡರೆ ಮುಹೂರ್ತ ನೋಡದೆ ಮೂರು ಚಮಚೆ ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ನೀರಿನಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಏರದಿದ್ದರೆ ಮತ್ತೊಮ್ಮೆ ಕೊಡಿ. ಸರಿಹೋದ ಮೇಲೆ ಏನನ್ನಾದರೂ ತಿನ್ನಿಸಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ಒಡನೆಯೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಫಲಾಹಾರ ಮಾಡುವವರಿಗೆ ಒಂದು ಮಾತು. ಈ ಊರಿನಲ್ಲಿ ನೆರೆಹೊರೆಯವರಿಂದ ಕಲಿತ ಸಾಬೂದಾಣೆ ಖಿಚಡಿ ನಮ್ಮ ಮನೆಗಳಿಗೂ ಬಂದಿದೆ. ಸಾಬೂದಾಣೆಯೆಂದರೆ ಬರಿಯ ಪಿಷ್ಟ. ಅದಕ್ಕೆ ಆಲೂಗಡ್ಡೆಯೂ ಸೇರಿದರೆ ಅದು ಉಪವಾಸವಲ್ಲ, ಸಕ್ಕರೆಯ ಸಮಾರಾಧನೆ! ಸಕ್ಕರೆಯಿಲ್ಲದ ಹಾಲು, ಒಂದು ಪೇರಲ ಅಥವಾ ಸೇಬು, ಒಂದು ಹಿಡಿ ಬಾದಾಮಿ ಸಾಕು. ಪಾರಣೆಯಲ್ಲಿಯೂ ಎಚ್ಚರ ಬೇಕು. ಸಾಧನದ್ವಾದಶಿಯಂದು ನಸುಕಿನಲ್ಲಿಯೇ ಹಸಿದ ಹೊಟ್ಟೆಗೆ ಪಾಯಸ ಸಹಿತ ಪೂರ್ಣ ಭೋಜನ ಮಾಡಿ ಮಲಗಿದವರ ಸಕ್ಕರೆಯು ಎರಡು ಗಂಟೆಯಲ್ಲಿ 300 ಮುಟ್ಟಿದ್ದನ್ನು ನೋಡಿದ್ದೇನೆ. ದ್ವಾದಶಿಯ ಅಡಿಗೆಯಲ್ಲಿ ಹಿರಿಯರು ಇಟ್ಟಿರುವ ಅಗಸೆ ಸೊಪ್ಪಿನ ಪಲ್ಯ ಮತ್ತು ನೆಲ್ಲಿಕಾಯಿಯ ತಂಬುಳಿಯಿಂದ ಆರಂಭಿಸಿ, ಅನ್ನವನ್ನು ಅರ್ಧಕ್ಕಿಳಿಸಿ.

ಇನ್ನು ವ್ಯಾಯಾಮ. ಇದು ಹೊಸ ಉಪದೇಶವೇನೂ ಅಲ್ಲ. ಸುಶ್ರುತಸಂಹಿತೆಯಲ್ಲಿ ಪ್ರಮೇಹಚಿಕಿತ್ಸೆಯನ್ನು ಹೇಳುವಾಗ, ನಿರ್ಧನನಾದ ರೋಗಿಯು ಕೊಡೆ ಪಾದರಕ್ಷೆಗಳಿಲ್ಲದೆ, ಭಿಕ್ಷಾನ್ನವನ್ನುಂಡು, ಊರಿಗೊಂದೇ ರಾತ್ರಿ ತಂಗುತ್ತ, ಮುನಿಯಂತೆ ನೂರು ಯೋಜನ ನಡೆಯಬೇಕೆಂದು ವಿಧಿಸಲಾಗಿದೆ. ಬಾವಿ ತೋಡುವ ಕೆಲಸವನ್ನೂ ಹೇಳಿದೆ. ಪಾದರಕ್ಷೆ ಬೇಡವೆಂಬ ಭಾಗವೊಂದನ್ನು ಬಿಟ್ಟು ಉಳಿದ ತತ್ತ್ವವನ್ನು ಇಂದಿನ ವೈದ್ಯವೂ ಒಪ್ಪುತ್ತದೆ. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರನ್ನು ಮೂರು ವರ್ಷ ಗಮನಿಸಿದರು. ವಿಶೇಷ ಕ್ರಮವೇನೂ ಇಲ್ಲದವರಲ್ಲಿ ನೂರಕ್ಕೆ 55 ಜನರಿಗೆ ಮಧುಮೇಹ ಬಂತು. ಊಟ ಮತ್ತು ನಡಿಗೆಗಳನ್ನು ತಿದ್ದಿಕೊಂಡವರಲ್ಲಿ 39 ಜನರಿಗೆ ಬಂತು. ಮಾತ್ರೆ ಸೇವಿಸಿದವರ ಫಲಿತಾಂಶವು ಇದಕ್ಕಿಂತ ಉತ್ತಮವೇನೂ ಆಗಿರಲಿಲ್ಲ.

ವಾರಕ್ಕೆ ಒಟ್ಟು 150 ನಿಮಿಷ ಚುರುಕಿನ ನಡಿಗೆ ಬೇಕು. ಸತತ ಎರಡು ದಿನ ತಪ್ಪಬಾರದು. ಚುರುಕೆಂದರೆ, ನಡೆಯುತ್ತ ಮಾತನಾಡಬಹುದು, ದೇವರನಾಮ ಹಾಡಲಾಗದು, ಅಷ್ಟು. ಬೆಳಿಗ್ಗೆ ಎದ್ದು ಹೋಗಲಾಗದವರಿಗೆ ಸಮಾಧಾನದ ಸಂಗತಿಯೊಂದಿದೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೊಮ್ಮೆ ಮೂವತ್ತು ನಿಮಿಷ ನಡೆದವರಿಗಿಂತ ಪ್ರತಿ ಊಟದ ನಂತರ ಹತ್ತು ಹತ್ತು ನಿಮಿಷ ನಡೆದವರಲ್ಲಿ ಊಟಾನಂತರದ ಸಕ್ಕರೆಯು ಹೆಚ್ಚು ತಗ್ಗಿತು. ರಾತ್ರಿಯ ಊಟದ ನಂತರ ಈ ವ್ಯತ್ಯಾಸವು ವಿಶೇಷವಾಗಿ ಕಂಡಿತು. ಕೆಲಸ ಮಾಡುವ ಸ್ನಾಯುವು ಇನ್ಸುಲಿನ್ನಿನ ನೆರವಿಲ್ಲದೆಯೂ ಸಕ್ಕರೆಯನ್ನು ಸೆಳೆದುಕೊಳ್ಳಬಲ್ಲುದು, ಅದೇ ಇದರ ಗುಟ್ಟು. ರಾತ್ರಿ ಊಟ ಮಾಡಿ ಧಾರಾವಾಹಿಯ ಮುಂದೆ ಕೂರುವ ಬದಲು ಕಟ್ಟಡದ ಆವರಣದಲ್ಲಿ ದಂಪತಿಗಳು ಹತ್ತು ನಿಮಿಷ ಸುತ್ತಿಬಂದರೆ ಸಾಕು. ಮಾಟುಂಗಾದವರಿಗೆ ಫೈವ್ ಗಾರ್ಡನ್ಸ್ ಉಂಟು; ಡೊಂಬಿವಲಿಯವರಿಗೆ ಮಳೆಗಾಲದಲ್ಲಿ ಮನೆಯ ಮುಂದಿನ ಪಡಸಾಲೆಯೇ ಗತಿ, ಅದೂ ಸಾಕು.

'ಮನೆಗೆಲಸವೇ ವ್ಯಾಯಾಮವಲ್ಲವೇ?' ಎನ್ನುವ ತಾಯಂದಿರು ಇಲ್ಲಿದ್ದೀರಿ. ಆಯಾಸವಾಗುತ್ತದೆ, ನಿಜ, ಆದರೆ ನಿಂತಲ್ಲಿಯೇ ನಿಂತು ಮಾಡುವ ಅಡಿಗೆಯಿಂದ ಉಸಿರು ಚುರುಕಾಗುವುದಿಲ್ಲ. ತಮ್ಮ ಹತ್ತು ನಿಮಿಷಗಳನ್ನು ಮನೆಯವರು ಬಿಟ್ಟುಕೊಡಬೇಕು, ಪಾತ್ರೆಗಳು ಕಾಯುತ್ತವೆ. ನಡಿಗೆಯ ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಅಭ್ಯಾಸ ಬೇಕು: ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುವುದು, ಮಂಡಿ ಗಟ್ಟಿಯಿರುವವರಿಗೆ ನಮಸ್ಕಾರಗಳು. ಇನ್ಸುಲಿನ್ ಅಥವಾ ಮೊದಲು ಹೇಳಿದ ಮಾತ್ರೆಗಳನ್ನು ಸೇವಿಸುವವರು ನಡೆಯಲು ಹೊರಟಾಗ ಕಿಸೆಯಲ್ಲಿ ಸ್ವಲ್ಪ ಕಲ್ಲುಸಕ್ಕರೆ ಇಟ್ಟುಕೊಳ್ಳಬೇಕು.

ಹಾಗಲಕಾಯಿಯ ರಸ, ಮೆಂತ್ಯದ ಪುಡಿಗಳನ್ನು ಕುರಿತು ಪ್ರಶ್ನೆಗಳ ಚೀಟಿಗಳು ಬಂದಿವೆ. ಮೆಂತ್ಯದ ನಾರಿನಿಂದ ಅಲ್ಪ ಪ್ರಯೋಜನವುಂಟು. ಅಡಿಗೆಯಲ್ಲಿ ಬಳಸಿ, ಆಕ್ಷೇಪವಿಲ್ಲ. ಆದರೆ ಅವುಗಳನ್ನು ನಂಬಿ ಮಾತ್ರೆಯನ್ನು ಬಿಟ್ಟವರು ಕಣ್ಣಿನ ಒಳಪದರಕ್ಕೆ ಹಾನಿಯಾದ ಮೇಲೆ ಮರಳಿ ಬಂದದ್ದುಂಟು. ನಾನು ಹೇಳಿದ ಊಟ ಮತ್ತು ನಡಿಗೆಗಳೂ ಔಷಧದ ಜೊತೆಗೆ ನಡೆಯಬೇಕಾದವು. ಸಕ್ಕರೆ ಇಳಿಯುತ್ತ ಬಂದರೆ ಮಾತ್ರೆಯನ್ನು ಇಳಿಸುವ ಕೆಲಸ ವೈದ್ಯರದು.

ಪಾದಗಳ ವಿಷಯವೊಂದು ಉಳಿದಿದೆ. ಬಹುಕಾಲದ ಮಧುಮೇಹದಲ್ಲಿ ಅಂಗಾಲಿನ ಸ್ಪರ್ಶಜ್ಞಾನ ಕುಂದುತ್ತದೆ. ಮಧ್ಯಾಹ್ನದ ಬಿಸಿಲಿಗೆ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ಪ್ರದಕ್ಷಿಣೆ ಮಾಡಿ, ಬೊಬ್ಬೆಯೆದ್ದದ್ದನ್ನು ರಾತ್ರಿ ಕಂಡವರಿದ್ದಾರೆ. ಪ್ರದಕ್ಷಿಣೆಯನ್ನು ಬೆಳಿಗ್ಗೆ ಅಥವಾ ಸಂಜೆ ಮಾಡಿ. ಮನೆಗೆ ಹೋದೊಡನೆ ಕಾಲು ತೊಳೆದು, ಬೆರಳುಗಳ ಸಂದಿಯನ್ನು ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಕಣ್ಣು ಮಂಜಾಗಿರುವ ಹಿರಿಯರ ಕಾಲನ್ನು ಮೊಮ್ಮಕ್ಕಳು ನೋಡಲಿ.

ನಾಳೆ ಬೆಳಿಗ್ಗೆ ಏಳು ಗಂಟೆಯಿಂದ ಒಂಬತ್ತರವರೆಗೆ ಕೆಳಗಿನ ಅಂತಸ್ತಿನಲ್ಲಿ ಉಚಿತ ರಕ್ತಪರೀಕ್ಷೆಯಿದೆ. ನೀರು ಕುಡಿಯಬಹುದು, ಕಾಫಿ ಕುಡಿದು ಬರಬೇಡಿ. ಸೇವಿಸುತ್ತಿರುವ ಮಾತ್ರೆಗಳ ಪಟ್ಟಿಯನ್ನು ತನ್ನಿ. ಗೋಕುಲಾಷ್ಟಮಿಗೂ ಏಕಾದಶಿಗೂ ಉಪವಾಸ ಮಾಡುವ ವಿಚಾರವಿದ್ದರೆ ಅದನ್ನೂ ಆ ಪಟ್ಟಿಯ ಕೆಳಗೆ ಬರೆದು ತನ್ನಿ.